ಹಳೆ ಆಲ್ಟೊಗೆ ರಾಸ್ಪ್‌ಬೆರಿ ಪೈ ಹಾಡಿನ ಪೆಟ್ಟಿಗೆ: ಬಳ್ಳಾರಿ, ಐದನೇ ವಾರದವರೆಗಿನ ಕೆಲಸ

ಗಾಡಿ: ಹಳೆ ಮಾರುತಿ ಆಲ್ಟೊ, ಪೆಟ್ರೋಲ್, 35 ಆಂಪ್-ಅವರ್ ಬ್ಯಾಟರಿ. ಕಂಪ್ಯೂಟರ್: ರಾಸ್ಪ್‌ಬೆರಿ ಪೈ 4, 2 ಜಿಬಿ. ಹಾಡು ನುಡಿಸುವುದು ಎಂಪಿಡಿ ಎಂಬ ತಂತ್ರಾಂಶ, ಡ್ಯಾಕ್ (ಡಿಜಿಟಲ್ ಹಾಡನ್ನು ಸದ್ದಿನ ಸಂಕೇತ ಮಾಡುವ ಚಿಪ್) ಪಿಸಿಎಂ 5102 ಬೋರ್ಡು, ಆಂಪ್ಲಿಫೈಯರ್ ಟಿಡಿಎ 7388. ಪರದೆ ಇಲ್ಲ, ಫೋನೇ ರಿಮೋಟ್. ಹಾಡು ಬರಿಸುವುದು ಒಂದು ಸಂಜೆಯ ಕೆಲಸ. ಉಳಿದ ನಾಲ್ಕು ವಾರ ಹೋದದ್ದು ಕರೆಂಟು, ಬಿಸಿಲು, ಧೂಳಿಗೆ.

ಮೊದಲ ವಾರ: ಜಾಗ

ಸ್ಟೀರಿಯೊ ಕಿತ್ತ ಗೂಡು ಸುಮಾರು 180 x 50 ಮಿ.ಮೀ. ಪೈ ಬೋರ್ಡು 85 x 56. ಮಲಗಿಸಿಟ್ಟರೆ ಅಳತೆಗೆ ಸರಿಹೊಂದುತ್ತದೆ, ಆದರೆ ಅಲ್ಲಿಡುವುದು ತಪ್ಪು. ಪೈ 80 ಡಿಗ್ರಿ ಮುಟ್ಟಿದ ಕೂಡಲೇ ವೇಗ ಇಳಿಸಿಕೊಳ್ಳಲು ಶುರು ಮಾಡುತ್ತದೆ, 85ಕ್ಕೆ ಇನ್ನೂ ಬಿಗಿ ಮಾಡುತ್ತದೆ. ಏಪ್ರಿಲ್-ಮೇನಲ್ಲಿ ಹೊರಗೇ 40 ದಾಟುವ ಊರಲ್ಲಿ, ಗಾಜು ಏರಿಸಿ ನಿಲ್ಲಿಸಿದ ಗಾಡಿಯ ಡ್ಯಾಶ್‌ಬೋರ್ಡ್ ರೊಟ್ಟಿ ಹೆಂಚೇ ಸರಿ. ಬಿಸಿಲು ನೇರ ಬೀಳದ ಜಾಗ ಎಂದರೆ ಮುಂದಿನ ಎಡ ಸೀಟಿನ ಕೆಳಗೆ. ಪೆಟ್ಟಿಗೆ ಅಲ್ಲಿಗೆ ಹೋಯಿತು, ಗೂಡು ಖಾಲಿ ಉಳಿಯಿತು.

ಫ್ಯಾನ್ ಹಾಕಿಲ್ಲ. ಸಂಡೂರು, ತೋರಣಗಲ್ಲು ಕಡೆ ಓಡಾಡುವ ಗಾಡಿಯೊಳಗಿನ ಕೆಂಪು ಧೂಳು ಅದಿರಿನ ಧೂಳು. ಫ್ಯಾನ್ ಅದನ್ನೇ ಎಳೆದು ಬೋರ್ಡಿನ ಮೇಲೆ ಹರವುತ್ತದೆ. ಮಳೆಗಾಲದ ತೇವ ಸೇರಿದರೆ ಪಿನ್ನುಗಳ ನಡುವೆ ಸೋರಿಕೆ ಶುರು. ಇಡೀ ಮೈಯೇ ಹೀಟ್‌ಸಿಂಕ್ ಆಗಿರುವ ಅಲ್ಯೂಮಿನಿಯಂ ಕೇಸು ಸಾಕು. ಎಂಪಿಡಿಗೆ ಪ್ರೊಸೆಸರಿನ ಅಲ್ಪ ಪಾಲು ಸಾಲುತ್ತದೆ. ಕೂರಿಸುವುದಕ್ಕೆ ಡಬಲ್ ಟೇಪ್ ಬೇಡ, ಅದರ ಅಂಟು ಒಂದೇ ಬೇಸಿಗೆಗೆ ಕರಗಿ ಜಾರುತ್ತದೆ. ಎಲ್ ಪಟ್ಟಿ, 4 ಮಿ.ಮೀ. ಬೋಲ್ಟು, ಕೆಳಗೆ ರಬ್ಬರ್ ವಾಷರ್. ಸೀಟು ಹಿಂದೆ ಮುಂದೆ ಸರಿಸಿದಾಗ ಪೆಟ್ಟಿಗೆಗೂ ವೈರಿಗೂ ತಾಗುವುದಿಲ್ಲ ಎಂದು ನೋಡಿಕೊಂಡ ಮೇಲೇ ತೂತು ಕೊರೆಯಬೇಕು.

ಎರಡನೇ ವಾರ: ಕರೆಂಟು

ಇಲ್ಲಿ ದುಡ್ಡು ಉಳಿಸಲು ಹೋದರೆ ಮುಂದೆಲ್ಲ ತೊಂದರೆ. ಗಾಡಿಯ 12 ವೋಲ್ಟ್ ಎನ್ನುವುದು ಹೆಸರಿಗೆ ಮಾತ್ರ. ನಿಂತಾಗ 12.6, ಇಂಜಿನ್ ಓಡುವಾಗ 14.2ರಿಂದ 14.4, ಸೆಲ್ಫ್ ಹೊಡೆದಾಗ 9, ಬ್ಯಾಟರಿ ಹಳೆಯದಾದರೆ ಅದಕ್ಕೂ ಕೆಳಗೆ. ಇಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಸಡಿಲವಾಗಿ ಬಿಟ್ಟುಕೊಂಡರೆ ಆಲ್ಟರ್ನೇಟರಿನಿಂದ ಕ್ಷಣಮಾತ್ರ 40 ವೋಲ್ಟ್ ದಾಟಿದ ಹೊಡೆತವೂ ಬರಬಹುದು.

ಮೊದಲು ಹಾಕಿದ್ದು ಎಲ್‌ಎಂ 2596 ಬಕ್ ಬೋರ್ಡು, ಅಂದರೆ 12 ವೋಲ್ಟನ್ನು 5ಕ್ಕೆ ಇಳಿಸುವ ಪರಿವರ್ತಕ. ಎರಡು ದೋಷ ಕಂಡವು. 3 ಆಂಪ್ ಎಂದು ಬರೆದಿದ್ದರೂ ಹೀಟ್‌ಸಿಂಕ್ ಇಲ್ಲದೆ 2 ಆಂಪ್ ಮೇಲೆ ಎಳೆದರೆ ಕೈ ಇಡಲಾಗದಷ್ಟು ಕಾಯುತ್ತದೆ. ಇನ್ನೊಂದು, ವೋಲ್ಟೇಜ್ ಹೊಂದಿಸುವ ಪುಟ್ಟ ತಿರುಪು ಗಾಡಿಯ ಅದುರಾಟಕ್ಕೆ ಸರಿಯುತ್ತದೆ. ಬೆಂಚಿನ ಮೇಲೆ ಪ್ರಯೋಗಕ್ಕೆ ಬಳಸುವವರು 5.1 ವೋಲ್ಟ್‌ಗೆ ಇಟ್ಟು ತಿರುಪಿನ ಮೇಲೆ ಒಂದು ಹನಿ ನೇಲ್ ಪಾಲಿಶ್ ಬಿಡಿ. ಗಾಡಿಗೆ ಈಗ ಇರುವುದು ಎಪಾಕ್ಸಿ ತುಂಬಿದ, ಔಟ್‌ಪುಟ್ ಖಾಯಂ ಇರುವ 5 ವೋಲ್ಟ್ 5 ಆಂಪ್ ಪರಿವರ್ತಕ. ಇನ್‌ಪುಟ್ 8ರಿಂದ 40 ವೋಲ್ಟ್.

ಅದರ ಮುಂದೆ ಇರುವುದು ಈ ಕ್ರಮದಲ್ಲಿ: ಬ್ಯಾಟರಿ ಪಾಸಿಟಿವ್‌ನಿಂದ ಒಂದು ಗೇಣಿನೊಳಗೆ 3 ಆಂಪ್ ಬ್ಲೇಡ್ ಫ್ಯೂಸ್, 1 ಚದರ ಮಿ.ಮೀ. ವೈರು, ಪರಿವರ್ತಕದ ಬಾಯಲ್ಲಿ ಪಾಸಿಟಿವ್-ನೆಗೆಟಿವ್ ನಡುವೆ ಎಸ್‌ಎಂಸಿಜೆ 24ಎ ಟಿವಿಎಸ್ ಡಯೋಡು. 24 ವೋಲ್ಟ್‌ವರೆಗೆ ಅದು ಸುಮ್ಮನಿರುತ್ತದೆ, ಹೊಡೆತ ಬಂದಾಗ 38.9 ವೋಲ್ಟ್‌ನಲ್ಲಿ ಹಿಡಿದು ನಿಲ್ಲಿಸುತ್ತದೆ. ಯಾರಾದರೂ ಬ್ಯಾಟರಿಯನ್ನು ಉಲ್ಟಾ ಕೊಟ್ಟರೆ ಇದೇ ಡಯೋಡು ನೇರ ಹರಿದು ಫ್ಯೂಸನ್ನು ಸುಡುತ್ತದೆ, ಪೈ ಉಳಿಯುತ್ತದೆ. ಆಂಪ್ಲಿಫೈಯರಿಗೆ ಬೇರೆಯೇ ಗೆರೆ: 2.5 ಚದರ ಮಿ.ಮೀ., 10 ಆಂಪ್ ಫ್ಯೂಸ್. ಬಾನೆಟ್‌ನಿಂದ ಒಳಗೆ ಬರುವ ವೈರು ರಬ್ಬರ್ ಗ್ರೋಮೆಟ್ ಮೂಲಕವೇ ಬರಬೇಕು. ತಗಡಿನ ಅಂಚಿಗೆ ಉಜ್ಜಿ ಸಿಪ್ಪೆ ಹೋದರೆ ಬೆಂಕಿಗೆ ದಾರಿ.

ಪರಿವರ್ತಕವನ್ನು ಡ್ಯಾಶ್ ಹಿಂದೆ ಇಟ್ಟು 5 ವೋಲ್ಟನ್ನು ಉದ್ದ ಕೇಬಲ್‌ನಲ್ಲಿ ಸೀಟಿನ ಕೆಳಗೆ ತರುವುದು ಎಲ್ಲರೂ ಮಾಡುವ ತಪ್ಪು. ಲೆಕ್ಕ ನೋಡಿ: ತೆಳು ಯುಎಸ್‌ಬಿ ಕೇಬಲಿನ 28 ಗೇಜ್ ತಂತಿ ಮೀಟರಿಗೆ ಸುಮಾರು 0.21 ಓಮ್. ಹೋಗಿ ಬರಲು 0.42. 1.5 ಆಂಪ್ ಹರಿದರೆ 0.63 ವೋಲ್ಟ್ ದಾರಿಯಲ್ಲೇ ಮಾಯ, ಪೈಗೆ ಸಿಗುವುದು 4.4ರ ಆಸುಪಾಸು. 4.63ಕ್ಕಿಂತ ಕೆಳಗೆ ಬಂದರೆ ಅದು ಕಡಿಮೆ ವೋಲ್ಟೇಜ್ ಎಂದು ದೂರುತ್ತದೆ. ವಿಸಿಜೆನ್‌ಸಿಎಂಡಿ ಎಂಬ ಆಜ್ಞೆಗೆ ಗೆಟ್-ಥ್ರಾಟಲ್ಡ್ ಸೇರಿಸಿ ಕೇಳಿದಾಗ ಸೊನ್ನೆ ಬಿಟ್ಟು ಬೇರೆ ಏನು ಬಂದರೂ ಮೊದಲು ವೈರನ್ನೂ ಬಿಸಿಯನ್ನೂ ನೋಡಬೇಕು, ಸಾಫ್ಟ್‌ವೇರ್ ಅಲ್ಲ. 12 ವೋಲ್ಟನ್ನು ಸೀಟಿನವರೆಗೆ ತಂದು, ಅಲ್ಲಿಂದ 15 ಸೆಂ.ಮೀ. ದಪ್ಪ ಕೇಬಲ್‌ನಲ್ಲಿ ಪೈಗೆ ಕೊಟ್ಟ ಮೇಲೆ ದೂರು ನಿಂತಿತು.

ಸ್ಟೀರಿಯೊ ಸಾಕೆಟ್ಟು ಐಎಸ್‌ಒ ಮಾದರಿಯದಾದರೆ ಹಳದಿ ಖಾಯಂ 12 ವೋಲ್ಟ್, ಕೆಂಪು ಚಾವಿಯೊಂದಿಗೆ ಬರುವ ಎಸಿಸಿ, ಕಪ್ಪು ಅರ್ತ್. ಹಿಂದೆ ಯಾರೋ ಕತ್ತರಿಸಿ ಜೋಡಿಸಿದ ಗಾಡಿಗಳಲ್ಲಿ ಬಣ್ಣವನ್ನು ನಂಬಬಾರದು, ಮಲ್ಟಿಮೀಟರ್ ಇಟ್ಟೇ ಗುರುತು ಹಾಕಬೇಕು.

ಮೂರನೇ ವಾರ: ಚಾವಿ ತೆಗೆದಾಗ ಏನಾಗಬೇಕು

ಮೊದಲ ಯೋಜನೆ ಹೀಗಿತ್ತು: ಎಸಿಸಿ ಹೋದದ್ದನ್ನು ಪಿಸಿ 817 ಆಪ್ಟೊಕಪ್ಲರ್ (ಬೆಳಕಿನ ಮೂಲಕ ಸೂಚನೆ ದಾಟಿಸುವ ಚಿಪ್) ಗುರುತಿಸಿ ಪೈನ ಜಿಪಿಐಒ 17 ಪಿನ್ನಿಗೆ ತಿಳಿಸುವುದು, ಪೈ ತಾನೇ ಶಟ್‌ಡೌನ್ ಆಗುವುದು, ಆಮೇಲೆ ರಿಲೇ ಬಿಟ್ಟು ಕರೆಂಟು ಕಡಿಯುವುದು. ಕಾಗದದ ಮೇಲೆ ಚೆಂದ. ಗಾಡಿಯಲ್ಲಿ ಎರಡು ಕಡೆ ಕೆಡುತ್ತದೆ. ಸೆಲ್ಫ್ ಹೊಡೆಯುವಾಗ ಎಸಿಸಿ ಒಂದೆರಡು ಸೆಕೆಂಡ್ ಸತ್ತು ಬರುತ್ತದೆ. ಈ ಸೂಚನೆ ಗುರುತಿಸುವ ಓವರ್‌ಲೇ (ಪೈನ ಸಿದ್ಧ ಸೆಟ್ಟಿಂಗ್ ತುಣುಕು) ಕಾಯುವುದು 100 ಮಿಲಿಸೆಕೆಂಡ್ ಮಾತ್ರ, ಹೀಗಾಗಿ ಪ್ರತಿ ಸಲ ಗಾಡಿ ಶುರುವಾದಾಗಲೂ ಪೈ ಮಲಗಿಬಿಡುತ್ತದೆ. ಸ್ಕ್ರಿಪ್ಟ್ ಬರೆದು 20 ಸೆಕೆಂಡ್ ಕಾಯಿಸಿದರೆ ಎರಡನೇ ತೊಂದರೆ: ಪೈ ಮಲಗಿದ ಮೇಲೆ, ರಿಲೇ ಬಿಡುವ ಮುಂಚೆ ಚಾವಿ ಮತ್ತೆ ತಿರುಗಿದರೆ ಕರೆಂಟು ಕಡಿಯುವುದೇ ಇಲ್ಲ, ಪೈ ಏಳುವುದೂ ಇಲ್ಲ. ಪೆಟ್ರೋಲ್ ಬಂಕಿನಲ್ಲಿ ನಿಂತು ಹೊರಟಾಗ ಆಗುವುದು ಇದೇ.

ಪರಿಹಾರ: ಶಟ್‌ಡೌನ್ ಅನ್ನೇ ಕೈಬಿಡುವುದು. ರಾಸ್ಪಿ-ಕಾನ್ಫಿಗ್‌ನ ಪರ್ಫಾರ್ಮೆನ್ಸ್ ಪಟ್ಟಿಯಲ್ಲಿರುವ ಓವರ್‌ಲೇ ಫೈಲ್ ಸಿಸ್ಟಮ್ ಚಾಲೂ ಮಾಡಿದರೆ ಎಸ್‌ಡಿ ಕಾರ್ಡಿಗೆ ಬರೆಯುವುದೇ ನಿಲ್ಲುತ್ತದೆ, ಬರಹವೆಲ್ಲ ರ‍್ಯಾಮ್‌ಗೆ. ಆಗ ಕರೆಂಟನ್ನು ನೇರ ಕಡಿಯಬಹುದು. ಪರಿವರ್ತಕದ ಮುಂದೆ 3 ನಿಮಿಷದ ಆಫ್-ಡಿಲೇ ರಿಲೇ ಕೂತಿದೆ, ಅದಕ್ಕೆ ಸೂಚನೆ ಎಸಿಸಿಯಿಂದ. ಚಾವಿ ತೆಗೆದು ಮೂರು ನಿಮಿಷದೊಳಗೆ ಬಂದರೆ ಪೈ ಎದ್ದೇ ಇರುತ್ತದೆ. ಆಪ್ಟೊಕಪ್ಲರಿಗೆ ಈಗ ಹಗುರ ಕೆಲಸ: ಎಸಿಸಿ ಹೋದರೆ ಹಾಡನ್ನು ತಡೆಹಿಡಿ, ಬಂದರೆ ಮುಂದುವರಿಸು. ಅದರ ಎಲ್‌ಇಡಿ ಬದಿಗೆ 2.2 ಕಿಲೊ ಓಮ್ ರೆಸಿಸ್ಟರ್, 14.4 ವೋಲ್ಟ್‌ನಲ್ಲಿ 6 ಮಿಲಿಆಂಪ್.

ಓವರ್‌ಲೇ ಫೈಲ್ ಸಿಸ್ಟಮ್ ಹಾಕಿದ ಮೇಲೆ ಎಂಪಿಡಿಯ ಹಾಡಿನ ಪಟ್ಟಿಯೂ ನಿಂತ ಜಾಗವೂ ಪ್ರತಿ ಸಲ ಅಳಿಸುತ್ತವೆ. ಪೆನ್ ಡ್ರೈವಿನಲ್ಲಿ 1 ಜಿಬಿಯ ಇಎಕ್ಸ್‌ಟಿ 4 (ಲಿನಕ್ಸ್ ಕಡತ ವ್ಯವಸ್ಥೆ) ಭಾಗ ಮಾಡಿ ಡೇಟಾಬೇಸ್ ಕಡತ, ಸ್ಟೇಟ್ ಕಡತ ಎರಡನ್ನೂ ಅಲ್ಲಿಡಬೇಕು. ಎಂಪಿಡಿ 120 ಸೆಕೆಂಡಿಗೊಮ್ಮೆ ಸ್ಥಿತಿ ಬರೆಯುತ್ತದೆ, ರಿಲೇ ಬಿಡುವುದು 180ಕ್ಕೆ. ಹಾಗಾಗಿ ಏನನ್ನೂ ತಿದ್ದದೆ ಹಾಡು ನಿಂತಲ್ಲಿಂದಲೇ ಏಳುತ್ತದೆ. ಹಾಡುಗಳಿರುವ ಭಾಗ ರೀಡ್-ಓನ್ಲಿ.

ರಿಲೇ ಬಿಟ್ಟ ಮೇಲೆ ಮಲ್ಟಿಮೀಟರನ್ನು ಸರಣಿಯಲ್ಲಿಟ್ಟು ಸೋರಿಕೆ ನೋಡುವುದನ್ನು ಮರೆಯಬಾರದು. 20 ಮಿಲಿಆಂಪ್ ಇದ್ದರೆ ದಿನಕ್ಕೆ 0.48 ಆಂಪ್-ಅವರ್, ನಡೆಯುತ್ತದೆ. ಪೈ ಚಾಲೂ ಉಳಿದು 0.35 ಆಂಪ್ ಎಳೆದರೆ 50 ಗಂಟೆಗೆ ಅರ್ಧ ಬ್ಯಾಟರಿ ಖಾಲಿ, ಮೂರನೇ ದಿನ ತಳ್ಳಿ ಸ್ಟಾರ್ಟ್ ಮಾಡಬೇಕು.

ನಾಲ್ಕನೇ ವಾರ: ಸದ್ದು

ಪೈನ 3.5 ಮಿ.ಮೀ. ಜ್ಯಾಕ್ ಬೇಡ, ಹಿಸ್ ಜಾಸ್ತಿ. ಪಿಸಿಎಂ 5102ಕ್ಕೆ ಬಿಸಿಕೆ ಪೈನ 12ನೇ ಪಿನ್ನಿಗೆ, ಎಲ್‌ಆರ್‌ಸಿಕೆ 35ಕ್ಕೆ, ಡಿನ್ 40ಕ್ಕೆ, ಎಸ್‌ಸಿಕೆ ಗ್ರೌಂಡಿಗೆ. ಕಾನ್ಫಿಗ್ ಕಡತದಲ್ಲಿ ಹೈಫೈಬೆರಿ-ಡ್ಯಾಕ್ ಓವರ್‌ಲೇ ಸೇರಿಸಿ, ಒಳಗಿನ ಆಡಿಯೊ ಸಾಲಿನ ಮುಂದೆ ಹ್ಯಾಶ್ ಹಾಕಬೇಕು. ಕಾರ್ಡು ಕಾಣಿಸಿಯೂ ಸದ್ದು ಬರದಿದ್ದರೆ ಬೋರ್ಡಿನ ಬೆನ್ನು ನೋಡಿ: ನಾಲ್ಕು ಬೆಸುಗೆ ಜಾಗಗಳಲ್ಲಿ 1, 2, 4 ಎಲ್ ಕಡೆಗೆ, 3 ಮಾತ್ರ ಎಚ್ ಕಡೆಗೆ ಸೇರಿರಬೇಕು. ಮೂರನೆಯದು ಮ್ಯೂಟ್ ಪಿನ್ನು, ಅದನ್ನು ಬಿಟ್ಟಿದ್ದರೆ ಬೋರ್ಡು ಬಾಯಿ ಬಿಡುವುದಿಲ್ಲ.

ಟಿಡಿಎ 7388 ಆರಿಸಿದ್ದು ಗಾಡಿಗೆಂದೇ ಮಾಡಿದ ಚಿಪ್ ಎಂಬ ಕಾರಣಕ್ಕೆ. ಕ್ಷಣಕಾಲದ 50 ವೋಲ್ಟ್ ಹೊಡೆತ ತಾಳುತ್ತದೆ. 14.4 ವೋಲ್ಟ್, 4 ಓಮ್‌ಗೆ ಚಾನೆಲಿಗೆ 26 ವಾಟ್, ಅದೂ ಶೇ. 10 ವಿಕೃತಿಯೊಂದಿಗೆ. ಅಂಗಡಿಯ ಆಂಪ್ಲಿಫೈಯರ್ ಪೆಟ್ಟಿಗೆ ಮೇಲಿನ ನೂರಾರು ವಾಟ್ ಅಂಕಿಗಳನ್ನು ಓದಿ ನಗಬಹುದು, ಅಷ್ಟೆ. ಇದು ಬ್ರಿಡ್ಜ್ ಔಟ್‌ಪುಟ್, ಸ್ಪೀಕರ್ ನೆಗೆಟಿವ್ ಯಾವುದನ್ನೂ ಗಾಡಿಯ ತಗಡಿಗೆ ತಾಗಿಸುವಂತಿಲ್ಲ. ಸ್ಟ್ಯಾಂಡ್‌ಬೈ ಪಿನ್ ಏಳಲು 3.5 ವೋಲ್ಟ್ ಬೇಕು, ಪೈ ಕೊಡುವುದು 3.3, ನೇರ ಕೊಟ್ಟರೆ ಒಮ್ಮೆ ಏಳುತ್ತದೆ, ಒಮ್ಮೆ ಇಲ್ಲ. ಎಸಿಸಿಯಿಂದ 10 ಕಿಲೊ ಓಮ್, 47 ಮೈಕ್ರೊಫ್ಯಾರಡ್ ಮೂಲಕ ನಿಧಾನ ಏರಿಸಿದರೆ ಸ್ಪೀಕರಿನ ‘ಧಪ್’ ಕೂಡ ಹೋಗುತ್ತದೆ.

ಆಕ್ಸಿಲರೇಟರ್ ಒತ್ತಿದಷ್ಟೂ ಏರುವ ಕುಂಯ್‌ಗುಟ್ಟುವಿಕೆ ಅರ್ತ್‌ನದು. ಪೈನ ನೆಗೆಟಿವ್ ಒಂದು ಬೋಲ್ಟಿಗೆ, ಆಂಪ್ಲಿಫೈಯರಿನದು ಇನ್ನೊಂದಕ್ಕೆ ಹೋಗಿತ್ತು. ಎರಡರ ನಡುವಿನ ವ್ಯತ್ಯಾಸ ಆಡಿಯೊ ಕೇಬಲಿನ ಶೀಲ್ಡ್ ಮೇಲೆ ಹರಿಯುತ್ತಿತ್ತು. ಒಂದೇ ಬೋಲ್ಟು, ಕೆಳಗಿನ ಪೇಂಟ್ ಮರಳು ಕಾಗದದಲ್ಲಿ ಕೆರೆದು, ಎರಡೂ ರಿಂಗ್ ಲಗ್ ಅಲ್ಲಿಗೆ. ಕುಂಯ್ ಹೋಯಿತು. ಗ್ರೌಂಡ್ ಲೂಪ್ ಐಸೊಲೇಟರ್ ಕೊನೆಯ ಮದ್ದು, ಅಗ್ಗದ್ದು ಬೇಸ್ ತಿನ್ನುತ್ತದೆ.

ಐದನೇ ವಾರ: ಹೆಸರುಗಳು

ಸಿಡಿಯಿಂದ ಇಳಿಸಿದ ಹಳೆಯ ವಚನ, ತತ್ವಪದ, ರಂಗಗೀತೆಗಳ ಟ್ಯಾಗ್ ಫೋನಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಂಡರೆ ಕಡತ ಕೆಟ್ಟಿಲ್ಲ, ನುಡಿ ಅಥವಾ ಬರಹದ ಹಳೆಯ ಆಸ್ಕಿ ಫಾಂಟಿನಲ್ಲಿ ಬರೆದದ್ದು. ಫಾಂಟ್ ಪರಿವರ್ತಕ ತಂತ್ರಾಂಶದಲ್ಲಿ ಯುನಿಕೋಡ್ ಮಾಡಿ ಕಿಡ್3 ತಂತ್ರಾಂಶದಲ್ಲಿ ತುಂಬಬೇಕು. ಅರ್ಕಾವತ್ತು ಎಡವಟ್ಟಾಗುತ್ತದೆ, ಒಮ್ಮೆ ಕಣ್ಣಾಡಿಸಿ.

ಬಾಕಿ ಇರುವುದು ಎರಡು. ಗೂಡಿನಲ್ಲಿ ಉಳಿಸಲಿರುವ ಪುಟ್ಟ ಎಫ್‌ಎಂ ರೇಡಿಯೊ, 5 ವೋಲ್ಟ್ ಪರಿವರ್ತಕ ಚಾಲೂ ಇದ್ದಾಗ ಹೊಸಪೇಟೆ ಆಕಾಶವಾಣಿಯನ್ನು ಗೊರಗೊರದೊಂದಿಗೆ ಹಿಡಿಯುತ್ತಿದೆ. ಫೆರೈಟ್ ಉಂಗುರದಲ್ಲಿ ನಾಲ್ಕು ಸುತ್ತು ಹಾಕಿದ್ದು ಅರ್ಧ ಇಳಿಸಿದೆ. ಮುಂದೆ ಪರಿವರ್ತಕಕ್ಕೆ ತಗಡಿನ ಡಬ್ಬಿ, ಆಂಟೆನಾ ವೈರು ಬಾಗಿಲ ಆಚೆ ಬದಿಯಿಂದ. ಎರಡನೆಯದು, ಫೋನ್ ಮುಟ್ಟದೆ ದನಿ ಏರಿಳಿಸಲು ಗೇರ್ ಪಕ್ಕ ಒಂದು ತಿರುಗುಗುಬ್ಬಿ.