"ನಮಗೆಲ್ಲಿ ಸಿಗುತ್ತೆ ಏಡ್? ಆ ಫಾರಂ ಸುಮ್ನೆ ಯಾಕೆ ತುಂಬೋದು?"

ಇಲ್ಲಿ ಅಮೆರಿಕದಲ್ಲಿ ಮಕ್ಕಳು ಹನ್ನೊಂದನೇ ಕ್ಲಾಸು ಮುಗಿಸುವ ಹೊತ್ತಿಗೆ ಪರಿಚಯದ ಕನ್ನಡದವರ ಫೋನುಗಳು ನನಗೆ ಶುರುವಾಗುತ್ತವೆ. ಮಗಳನ್ನು ಕಾಲೇಜಿಗೆ ಸೇರಿಸಿದ ಮೇಲೆ ಈ ವಿಷಯದಲ್ಲಿ ನಾನು ಪಂಡಿತ ಅಂತ ಹೆಸರು ಬಿದ್ದಿದೆ. ಏಡ್, ಅಂದರೆ ಕಾಲೇಜಿನ ಖರ್ಚಿಗೆ ಸಿಗುವ ನೆರವಿನ ಬಗ್ಗೆ ಎಲ್ಲರೂ ಕೇಳುವುದು ಒಂದೇ. "ನಮ್ಮಿಬ್ಬರಿಗೂ ಸಂಬಳ ಬರುತ್ತೆ, ನಮಗೆಲ್ಲಿ ಸಿಗುತ್ತೆ ಏಡ್? ಆ ಫಾರಂ ಸುಮ್ನೆ ಯಾಕೆ ತುಂಬೋದು ಹೇಳಿ?"

ತುಂಬಿ ಅಂತಲೇ ನನ್ನ ಉತ್ತರ. ಅವರು ಹೇಳುವ ಫಾರಂ ಫ್ಯಾಫ್ಸಾ, ಅಂದರೆ ಈ ನೆರವಿಗೆ ಹಾಕುವ ಅರ್ಜಿ. ಕೇಂದ್ರ ಸರ್ಕಾರದ್ದು, ಕಾಸು ಕೊಡಬೇಕಿಲ್ಲ, ಪ್ರತಿ ವರ್ಷ ಅಕ್ಟೋಬರ್ 1ರ ಹೊತ್ತಿಗೆ ತೆರೆಯುತ್ತದೆ. ಪೆಲ್ ಗ್ರಾಂಟ್, ಅಂದರೆ ಕೇಂದ್ರ ಕೊಡುವ, ವಾಪಸು ಕಟ್ಟಬೇಕಿಲ್ಲದ ದುಡ್ಡು, ಕಡಿಮೆ ಆದಾಯದ ಮನೆಗಳಿಗೆ ಸಿಗುವಂಥದ್ದು, ನಿಮಗೆ ಬರಲಿಕ್ಕಿಲ್ಲ, ಒಪ್ಪಿದೆ. ಆದರೆ ಎಷ್ಟೋ ಕಾಲೇಜುಗಳು ತಮ್ಮ ಸ್ವಂತ ದುಡ್ಡು ಕೊಡುವ ಮೊದಲೂ ಇದನ್ನೇ ಕೇಳುತ್ತವೆ. ಮಕ್ಕಳ ಹೆಸರಿನ ಸರ್ಕಾರಿ ಸಾಲಕ್ಕೂ ಇದೇ ಬಾಗಿಲು, ಅದಕ್ಕೆ ಆದಾಯದ ಮಿತಿ ಇಲ್ಲ. ಅಪ್ಪ ಅಮ್ಮ ಎಚ್-1ಬಿ ವೀಸಾದಲ್ಲಿದ್ದರೂ ಇಲ್ಲೇ ಹುಟ್ಟಿದ ಮಗು ತುಂಬಬಹುದು. ಮಗುವೇ ಎಚ್-4ನಲ್ಲಿ, ಅಂದರೆ ಎಚ್-1ಬಿಯವರ ಮನೆಯವರಿಗೆ ಕೊಡುವ ವೀಸಾದಲ್ಲಿ ಇದ್ದರೆ ಮಾತ್ರ ಕೇಂದ್ರದ ದುಡ್ಡು ಇಲ್ಲ.

ಫಾರಂ ಕಷ್ಟದ್ದೇನಲ್ಲ, ಆದರೆ ಎಲ್ಲಿ ಏನು ಬರೆಯುತ್ತೀರಿ ಅನ್ನುವುದು ಮುಖ್ಯ. ನಾನು ಮಾಡಿದ ಎಡವಟ್ಟು ಕೇಳಿ. ಮಗಳು ತನ್ನ ಭಾಗ ತುಂಬುತ್ತಿದ್ದಳು, ನಾನು ಪಕ್ಕದಲ್ಲಿ ಕೂತು ಯಜಮಾನಿಕೆ ಮಾಡುತ್ತಿದ್ದೆ. ಉಳಿತಾಯ ಎಷ್ಟು ಅಂತ ಕೇಳಿತು. "30,000 ಹಾಕು" ಅಂದೆ. ಅದು ಮನೆಯ ಉಳಿತಾಯ, ಕೇಳಿದ್ದು ಅವಳದ್ದು! ಅವಳ ಖಾತೆಯಲ್ಲಿದ್ದದ್ದು ಹುಟ್ಟುಹಬ್ಬಕ್ಕೆ ಬಂದ ಚೂರುಪಾರು. ವಿದ್ಯಾರ್ಥಿಯ ಉಳಿತಾಯದಲ್ಲಿ ನೂರಕ್ಕೆ 20ರಷ್ಟನ್ನು ಆ ವರ್ಷದ ಓದಿಗೆ ಕೊಡಬಲ್ಲರು ಅಂತ ಲೆಕ್ಕ ಹಿಡಿಯುತ್ತಾರೆ, ಈ ಲೆಕ್ಕ ಹೆಚ್ಚಾದಷ್ಟೂ ನೆರವು ಕಡಿಮೆ. ಅಪ್ಪ ಅಮ್ಮನದ್ದಾದರೆ ಹೆಚ್ಚೆಂದರೆ 5.64. ಅದೇ 30,000 ಡಾಲರು ಅವಳ ಹೆಸರಲ್ಲಿದ್ದರೆ 6,000, ನಮ್ಮ ಹೆಸರಲ್ಲಿದ್ದರೆ 1,700 ದಾಟುವುದಿಲ್ಲ. ಎರಡು ದಿನ ಬಿಟ್ಟು ಇದನ್ನು ಕಂಡುಹಿಡಿದವಳು ನನ್ನ ಹೆಂಡತಿ. ಪುಣ್ಯಕ್ಕೆ, ಕಳಿಸಿದ ಮೇಲೂ ತಿದ್ದಬಹುದು.

ನಿವೃತ್ತಿಗೆಂದು 401(ಕೆ) ಖಾತೆಯಲ್ಲಿ ಕೂಡಿಟ್ಟದ್ದು, ನೀವು ವಾಸವಿರುವ ಮನೆ, ಇವೆರಡನ್ನೂ ಫ್ಯಾಫ್ಸಾ ಕೇಳುವುದಿಲ್ಲ. ಕೆಲವು ಖಾಸಗಿ ಕಾಲೇಜುಗಳು ಸಿಎಸ್‌ಎಸ್ ಪ್ರೊಫೈಲ್ ಅನ್ನುವ ಇನ್ನೊಂದು ಫಾರಂ ಕೂಡ ಬೇಕು ಅನ್ನುತ್ತವೆ. ಅದು ಬೇರೆ ಜಾತಿ, ಮನೆಯ ಬೆಲೆಯನ್ನೂ ಕೆದಕುತ್ತದೆ. ಅದರ ಡೆಡ್‌ಲೈನು ಕಾಲೇಜಿಗೊಂದು. ಗೋಡೆಗೆ ಬರೆದು ಅಂಟಿಸಿಕೊಳ್ಳಿ.

ಅಪ್ಲಿಕೇಶನ್ ಹಾಕುವ ಮೊದಲೇ ಬೆಲೆ ನೋಡಿ ಹೆದರುವವರಿಗೆ ಒಂದು ಮಾತು. ಕಾಲೇಜಿನ ವೆಬ್‌ಸೈಟಿನಲ್ಲಿ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಅಂತ ಇರುತ್ತದೆ. 2011ರಿಂದ ಅದನ್ನು ಇಡಲೇಬೇಕು ಅಂತ ಕಾನೂನಿದೆ. ನಿಮ್ಮ ಆದಾಯ ಹಾಕಿದರೆ ಕೈಯಿಂದ ಎಷ್ಟು ಬೀಳಬಹುದು ಅಂತ ಅಂದಾಜು ಕೊಡುತ್ತದೆ. ಯಾರೋ ಪಾರ್ಟಿಯಲ್ಲಿ ಹೇಳಿದ್ದಕ್ಕಿಂತ ಅದು ವಾಸಿ, ಅಲ್ವಾ?

ನಿಜವಾದ ಕಥೆ ಇರುವುದು ಮಾರ್ಚ್ ಕೊನೆಗೆ ಬರುವ ಏಡ್ ಪತ್ರದಲ್ಲಿ. ನಮ್ಮ ಮುಂದೆ ಎರಡು ಪತ್ರ ಇದ್ದವು. ನಮ್ಮ ರಾಜ್ಯದ ಯೂನಿವರ್ಸಿಟಿಯದು ಊಟ, ವಸತಿ ಎಲ್ಲ ಸೇರಿ ವರ್ಷಕ್ಕೆ 38,000 ಡಾಲರು. "ಅಭಿನಂದನೆಗಳು, ನಿಮಗೆ 20,000 ನೆರವು" ಅಂತ ದಪ್ಪ ಅಕ್ಷರ. ಖಾಸಗಿ ಕಾಲೇಜಿನದು 82,000. ನಾನಂತೂ ಎರಡನೆಯದನ್ನು ಪಕ್ಕಕ್ಕೆ ಸರಿಸಿಬಿಟ್ಟಿದ್ದೆ. ಮಗಳು ಪೆನ್ಸಿಲ್ ತಗೊಂಡು ಮೊದಲ ಪತ್ರದ ಸಾಲುಗಳನ್ನು ಒಂದೊಂದಾಗಿ ಹೊಡೆದು ಹಾಕಿದಳು. 5,500, ಅವಳ ಹೆಸರಿನ ಸಾಲ. 10,500, ಪೇರೆಂಟ್ ಪ್ಲಸ್, ಅಂದರೆ ನಮ್ಮ ತಲೆಯ ಮೇಲಿನ ಸಾಲ. ಉಳಿದದ್ದು 4,000, ಅದು ಮಾತ್ರ ಗ್ರಾಂಟ್. ಸಾಲವನ್ನೂ "ನೆರವು" ಅಂತ ಕೂಡಿಸಿ ತೋರಿಸುವುದು ನನ್ನ ಪ್ರಕಾರ ಮೋಸಕ್ಕೆ ಹತ್ತಿರ. ಖಾಸಗಿ ಕಾಲೇಜಿನ ಪತ್ರದಲ್ಲೂ ಅಷ್ಟೇ ಸಾಲ ಅವಳ ಹೆಸರಿಗಿತ್ತು, ವರ್ಕ್-ಸ್ಟಡಿಯೂ ಇತ್ತು, ಅಂದರೆ ಓದುತ್ತಾ ಕೆಲಸ ಮಾಡಿ ಗಳಿಸುವ ದುಡ್ಡು. ಅವನ್ನೂ ಹೊಡೆದಳು. ಗ್ರಾಂಟ್ ಮಾತ್ರ 55,000. ಕೊನೆಗೆ ಒಂದು ಕಡೆ 34,000, ಇನ್ನೊಂದು ಕಡೆ 27,000. ದುಬಾರಿ ಕಾಲೇಜೇ ಅಗ್ಗ!

ಎಲ್ಲರಿಗೂ ಹೀಗೇ ಆಗುತ್ತದೆ ಅಂತಲ್ಲ. ಆದಾಯ ಇನ್ನೂ ಜಾಸ್ತಿ ಇದ್ದವರಿಗೆ ಲೆಕ್ಕ ಉಲ್ಟಾ ಆಗಬಹುದು. ಆದರೆ ಎರಡು ಪತ್ರ ಕೈಯಲ್ಲಿ ಹಿಡಿದು ನೋಡದೆ ಅದು ಗೊತ್ತಾಗುವುದಿಲ್ಲ. ಅದಕ್ಕೇ ದುಡ್ಡಿನ ಯೋಚನೆ ಇರುವವರಿಗೆ ಅರ್ಲಿ ಡಿಸಿಷನ್ ಬೇಡ ಅನ್ನುತ್ತೇನೆ. ಸೀಟು ಸಿಕ್ಕರೆ ಅಲ್ಲಿಗೇ ಹೋಗುತ್ತೇವೆ ಅಂತ ಮೊದಲೇ ಮಾತು ಕೊಟ್ಟಂತೆ ಅದು. ಏಡ್ ಸಾಲದಿದ್ದರೆ ಬಿಡಿಸಿಕೊಳ್ಳಬಹುದು ನಿಜ, ಆದರೆ ಬೇರೆ ಪತ್ರಗಳ ಜೊತೆ ತೂಗಿ ನೋಡುವ ಅವಕಾಶ ಹೋಗುತ್ತದೆ.

ಇನ್ನೊಂದು, ಫಾರಂ ನೋಡುವುದು ಹಳೆಯ ಆದಾಯ. 2026ರಲ್ಲಿ ಕಾಲೇಜು ಸೇರುವವರಿಗೆ 2024ರ ತೆರಿಗೆ ಲೆಕ್ಕ. ಆಮೇಲೆ ಕೆಲಸ ಹೋಗಿದ್ದರೆ ಕಾಲೇಜಿನ ಏಡ್ ಆಫೀಸಿಗೆ ಕಾಗದಪತ್ರ ಸಮೇತ ಬರೆದು ಮತ್ತೆ ನೋಡಿ ಅಂತ ಕೇಳಬಹುದು. ಕೇಳಲು ನಾಚಿಕೆ ಪಡಬೇಡಿ, ಅದಕ್ಕೆಂದೇ ಅಲ್ಲಿ ಜನ ಕೂತಿರುತ್ತಾರೆ.

ಇಂಡಿಯಾದಿಂದ ಕೇಳುವವರಿಗೆ ಉತ್ತರ ಬೇರೆ. ಫ್ಯಾಫ್ಸಾ ನಿಮಗಿಲ್ಲ, ಕಾಲೇಜೇ ಕೊಡಬೇಕು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್‌ನಂಥ ಕೆಲವೇ ಕೆಲವು ಕಡೆ ದುಡ್ಡು ಕೇಳಿದ್ದಕ್ಕೆ ಸೀಟು ತಪ್ಪುವುದಿಲ್ಲ, ಬೇಕಾದಷ್ಟನ್ನು ಕೊಡುತ್ತಾರೆ ಕೂಡ. ಅಲ್ಲಿ ಸೀಟು ಸಿಗುವುದೇ ಕಷ್ಟ. ಉಳಿದ ಬಹಳಷ್ಟು ಕಡೆ ಏಡ್ ಬೇಕು ಅಂದರೆ ಅದನ್ನೂ ತೂಗಿಯೇ ಸೀಟು ಕೊಡುತ್ತಾರೆ.

ಫ್ಯಾಫ್ಸಾ ಪ್ರತಿ ವರ್ಷ ಹೊಸದಾಗಿ ತುಂಬಬೇಕು. ಈ ಅಕ್ಟೋಬರ್‌ನಲ್ಲಿ ಮಗಳು ತನ್ನ ಭಾಗವನ್ನು ಹಾಸ್ಟೆಲಿನಲ್ಲೇ ಕೂತು ತುಂಬುತ್ತಾಳಂತೆ. "ಪಪ್ಪಾ, ನೀನು ಪಕ್ಕದಲ್ಲಿ ಇರಬಾರದು" ಅಂದಿದ್ದಾಳೆ.