ಮಾರ್ಪೆತ್‌ಗೆ ಮರಳದ ಅಡ್ಮಿರಲ್

ಅಕ್ಟೋಬರ್ ಗಾಳಿಗೆ ಕಿವಿ ನೋಯುತ್ತಿತ್ತು. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿರುವ ತಂಗಿ, ಅವಳ ಮಗ, ನಾನು ಮೆಟ್ರೊ ಹಿಡಿದು ಟೈನ್‌ಮೌತ್‌ಗೆ ಹೋಗಿದ್ದೆವು. ಟೈನ್ ನದಿ ಸಮುದ್ರ ಸೇರುವ ಕಡೆ, ದಿಬ್ಬದ ಮೇಲೆ ಒಂದು ಭಾರಿ ಪ್ರತಿಮೆ. ಕೆಳಗೆ ನಾಲ್ಕು ಫಿರಂಗಿ.

"ದೊಡ್ಡಮ್ಮ, ಇವರು ನೆಲ್ಸನ್ನಾ?" ಅಂದ ಹುಡುಗ.

ಅಲ್ಲ, ಕಥ್‌ಬರ್ಟ್ ಕಾಲಿಂಗ್‌ವುಡ್. ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್, ಅದೇ ಪಡೆಯ ಖ್ಯಾತ ಸೇನಾನಿ ನೆಲ್ಸನ್‌ರ ಗೆಳೆಯ. ಹುಟ್ಟಿದ್ದು 1748ರಲ್ಲಿ, ಇದೇ ನ್ಯೂಕ್ಯಾಸಲ್‌ನಲ್ಲಿ. ನೌಕಾಪಡೆಗೆ ಸೇರಿದಾಗ ಬರೀ 12 ವರ್ಷ. ಆ ಫಿರಂಗಿಗಳು ಅವರ 'ರಾಯಲ್ ಸಾವರಿನ್' ಹಡಗಿನವು. 1805ರ ಅಕ್ಟೋಬರ್ 21ರಂದು, ಸ್ಪೇನ್ ತೀರದ ಟ್ರಫಾಲ್ಗರ್ ಕದನದಲ್ಲಿ, ಎಲ್ಲರಿಗಿಂತ ಮೊದಲು ಫ್ರಾನ್ಸ್-ಸ್ಪೇನ್ ಹಡಗುಗಳ ಸಾಲಿಗೆ ನುಗ್ಗಿದ್ದು ಅದೇ. ತಳಕ್ಕೆ ಆಗಷ್ಟೇ ಹೊಸ ತಾಮ್ರದ ತಗಡು ಹೊಡೆಸಿದ್ದರಿಂದ ಅದರ ಓಟ ಜಾಸ್ತಿ. ಹಿಂದಿನ ಹಡಗುಗಳು ಬರುವ ತನಕ ಅದು ಒಂಟಿಯಾಗಿ ಹೋರಾಡಿತು. ನೆಲ್ಸನ್ ಸತ್ತ ಮೇಲೆ ಇಡೀ ಪಡೆಯನ್ನು, ಆಮೇಲೆ ಬಂದ ಬಿರುಗಾಳಿಯನ್ನು ನಿಭಾಯಿಸಿದವರು ಇವರೇ. ಆದರೂ ಹೆಸರು ಉಳಿದದ್ದು ನೆಲ್ಸನ್‌ರದು. ನನಗೆ ಇದು ಅನ್ಯಾಯ ಅನ್ನಿಸುತ್ತದೆ.

ಮಾರನೆಯ ದಿನ ರೈಲಿನಲ್ಲಿ ಮಾರ್ಪೆತ್‌ಗೆ ಹೋದೆವು. ವಾನ್ಸ್‌ಬೆಕ್ ನದಿ ದಂಡೆಯ ಪುಟ್ಟ ಊರು. ಓಲ್ಡ್‌ಗೇಟ್ ಬೀದಿಯಲ್ಲಿ ಅವರ ಮನೆ ಇನ್ನೂ ಇದೆ. ಅದರ ಮುಂದೆ ತುಂಬ ಹೊತ್ತು ನಿಂತೆ. ಸುಖವೆಂದರೆ ಏನು ಎಂದು ಯೋಚಿಸಿದಾಗೆಲ್ಲ ಮನಸ್ಸು ಮಾರ್ಪೆತ್‌ಗೇ ಓಡುತ್ತದೆ ಎಂದು ಹಡಗಿನಿಂದ ಪತ್ರ ಬರೆದಿದ್ದ ಮನುಷ್ಯ ಇವರು. ರಜೆಯಲ್ಲಿ ಇಲ್ಲಿ ಸುತ್ತಾಡುವಾಗ ಜೇಬು ತುಂಬ ಓಕ್ ಬೀಜ ಇಟ್ಟುಕೊಳ್ಳುತ್ತಿದ್ದರಂತೆ. ಒಳ್ಳೆಯ ಮಣ್ಣು ಕಂಡಲ್ಲೆಲ್ಲ ಊರುತ್ತಿದ್ದರಂತೆ. ಮುಂದೆ ಹಡಗು ಕಟ್ಟಲು ಮರ ಬೇಕಲ್ವಾ? ಬೆಳೆಯುವುದಕ್ಕೆ ನೂರು ವರ್ಷವಾದರೂ ಬೇಕಾದ ಮರ ಅದು. ಅದರ ಫಲ ತನಗೆ ಸಿಗುವುದಿಲ್ಲ ಎಂದು ಗೊತ್ತಿದ್ದೂ ಊರಿದರು.

1803ರಲ್ಲಿ ಹೊರಟವರು ಮತ್ತೆ ಇಂಗ್ಲೆಂಡ್ ನೋಡಲೇ ಇಲ್ಲ. ಆಗ ಇಬ್ಬರು ಹೆಣ್ಣುಮಕ್ಕಳಿಗೂ ಹತ್ತರ ಆಸುಪಾಸಿನ ವಯಸ್ಸು. ಟ್ರಫಾಲ್ಗರ್ ಆದ ಮೇಲೆ ಮೆಡಿಟರೇನಿಯನ್ ಸಮುದ್ರದ ಪೂರ್ತಿ ಹೊಣೆ ಇವರ ತಲೆಗೆ ಬಿತ್ತು. ಮೈಗೆ ಹುಷಾರಿಲ್ಲ, ಊರಿಗೆ ಕಳಿಸಿ ಎಂದು ಕೇಳಿಕೊಂಡರೂ ಸರ್ಕಾರ ಬಿಡಲಿಲ್ಲ. ಜೊತೆಗಿದ್ದದ್ದು ಬೌನ್ಸ್ ಎಂಬ ನಾಯಿ. ಅದೂ 1809ರಲ್ಲಿ ಸಮುದ್ರಕ್ಕೆ ಬಿದ್ದು ಹೋಯಿತು. ಕೊನೆಗೂ 1810ರ ಮಾರ್ಚ್‌ನಲ್ಲಿ ಮೆಡಿಟರೇನಿಯನ್‌ನ ಮಿನೋರ್ಕಾ ದ್ವೀಪದಿಂದ ಊರಿನ ಕಡೆ ಹೊರಟರು. ಮರುದಿನವೇ, ಮಾರ್ಚ್ 7ರಂದು, ಹಡಗಿನಲ್ಲೇ ಜೀವ ಹೋಯಿತು. ಲಂಡನ್‌ನ ಸೇಂಟ್ ಪಾಲ್ಸ್ ಚರ್ಚಿನಲ್ಲಿ ನೆಲ್ಸನ್ ಪಕ್ಕದಲ್ಲಿ ಮಲಗಿದ್ದಾರೆ.

ಆ ಪ್ರತಿಮೆಯ ಮುಖ ಸಮುದ್ರದ ಕಡೆಗಿದೆ. ಮಾರ್ಪೆತ್ ಕಡೆ ತಿರುಗಿಸಿ ನಿಲ್ಲಿಸಬೇಕಿತ್ತು.

ಹೆಂಡತಿ ಸಾರಾ 1815ರಲ್ಲಿ ಚೆವಿಯಟ್ ಬೆಟ್ಟಗಳ ಹೆತ್‌ಪೂಲ್‌ನಲ್ಲಿ ಓಕ್ ಮರಗಳನ್ನು ನೆಡಿಸಿದರು. ಅವು ಇವತ್ತಿಗೂ ಇವೆ. ಮುಂದಿನ ಶನಿವಾರ ಕಾರು ತೆಗೀತೀನಿ, ನೋಡಿಕೊಂಡು ಬರೋಣ ಎಂದಿದ್ದಾಳೆ ತಂಗಿ.