ಊರಿಗೆ ಬಂದು ಲಾಡ್ಜಿನಲ್ಲಿ ಉಳಿದ ಮೂರು ದಿನ

ಗಾಂಧಿ ಚೌಕದ ಹತ್ತಿರ ಒಂದು ಲಾಡ್ಜ್. ರಿಜಿಸ್ಟರಿನಲ್ಲಿ ‘ಎಲ್ಲಿಂದ ಬಂದಿರಿ’ ಅನ್ನೋ ಕಡೆ ಪುಣೆ ಎಂದು ಬರೆದೆ. ‘ಬಂದ ಕಾರಣ’ ಅನ್ನೋ ಕಡೆ ಪೆನ್ನು ನಿಂತಿತು. ಮೈಸೂರಿಗೆ ಬರೋಕೆ ನಾನು ಯಾವತ್ತೂ ಕಾರಣ ಬರೆದವಳಲ್ಲ. ಹುಟ್ಟಿದ್ದು ಇಲ್ಲೇ, ಶಿವರಾಂಪೇಟೆಯಲ್ಲಿ. 22 ವರ್ಷ ಇಲ್ಲೇ ಬೆಳೆದೆ. ಅಮ್ಮ ತೀರಿಕೊಂಡ ಮೇಲೆ ಅಪ್ಪ ನನ್ನ ಜೊತೆ ಬಂದುಬಿಟ್ಟರು, ಮನೆ ಮಾರಿದೆವು. ಈಗ ಈ ಊರಿನ ಯಾವ ಬಾಗಿಲ ಬೀಗದ ಕೈಯೂ ನನ್ನ ಹತ್ತಿರ ಇಲ್ಲ. ಸ್ವಲ್ಪ ಹೊತ್ತು ಯೋಚಿಸಿ ‘ಪ್ರವಾಸ’ ಎಂದು ಬರೆದೆ.

ಚೀಲದಲ್ಲಿ ಒಂದು ಕ್ಯಾಮೆರಾ, ಒಂದೇ 35 ಎಂ.ಎಂ. ಲೆನ್ಸ್. ಜೂಮ್ ಬೇಕಂತಲೇ ಬಿಟ್ಟು ಬಂದಿದ್ದೆ. ಜೂಮ್ ಇದ್ದರೆ ದೂರದಲ್ಲೇ ನಿಂತು ಮುಖಗಳನ್ನು ಎಳೆದುಕೊಳ್ಳಬಹುದು. ಈ ಲೆನ್ಸಿನಲ್ಲಿ ಹಾಗಾಗೋದಿಲ್ಲ. ಒಬ್ಬರ ಮುಖ ಬೇಕು ಅಂದರೆ ಅವರ ಮಾತು ಕೇಳಿಸುವಷ್ಟು ಹತ್ತಿರ ಹೋಗಲೇಬೇಕು.

ಶನಿವಾರ ಬೆಳಿಗ್ಗೆ ಆರೂವರೆಗೆ ದೇವರಾಜ ಮಾರುಕಟ್ಟೆಗೆ ಹೋದೆ. ಸಯ್ಯಾಜಿರಾವ್ ರಸ್ತೆ ಉತ್ತರ ದಕ್ಷಿಣವಾಗಿ ಹೋಗುತ್ತದೆ. ಮಾರುಕಟ್ಟೆ ಅದರ ಪಶ್ಚಿಮಕ್ಕಿದೆ. ಹಾಗಾಗಿ ಬೆಳಗಿನ ಬಿಸಿಲು ರಸ್ತೆ ದಾಟಿ ನೇರ ಅಂಗಡಿ ಬಾಗಿಲುಗಳ ಮೇಲೆ ಬೀಳುತ್ತದೆ. ಈ ರಸ್ತೆಯಲ್ಲಿ ಅದೆಷ್ಟು ಸಾವಿರ ಸಲ ನಡೆದಿದ್ದೇನೋ. ಬಿಸಿಲು ಯಾವ ಕಡೆಯಿಂದ ಬರುತ್ತದೆ ಅಂತ ಒಂದು ದಿನವೂ ನೋಡಿರಲಿಲ್ಲ. ಟ್ಯೂಷನ್ನಿಗೆ ಹೋಗೋದು, ತರಕಾರಿ ತರೋದು, ಬಸ್ಸು ಹಿಡಿಯೋದು, ಯಾವಾಗಲೂ ಏನಾದರೂ ಕೆಲಸ ಇರುತ್ತಿತ್ತು. ನಮ್ಮ ಊರಿನಲ್ಲಿ ನಾವು ಸುಮ್ನೆ ನಿಲ್ಲೋದೇ ಇಲ್ಲ, ಅಲ್ವಾ? ಹೆಣ್ಣುಮಕ್ಕಳಂತೂ ಬೀದಿಯಲ್ಲಿ ಕಾರಣವಿಲ್ಲದೆ ನಿಂತರೆ ನಾಲ್ಕು ಜನ ನೋಡುತ್ತಾರೆ. ಕ್ಯಾಮೆರಾ ಕೈಯಲ್ಲಿದ್ದರೆ ನಿಲ್ಲೋಕೆ ಒಂದು ಹಕ್ಕು ಸಿಕ್ಕಿದ ಹಾಗೆ. ಅವತ್ತು ಒಂದೇ ಜಾಗದಲ್ಲಿ ಅರ್ಧ ಗಂಟೆ ನಿಂತೆ. ಯಾರೂ ಏನೂ ಕೇಳಲಿಲ್ಲ.

ಒಳಗೆ ಬೆಳಕು ಬೇರೆಯೇ. ಓಣಿಗಳ ಮೇಲೆ ಕಟ್ಟಿದ ಟಾರ್ಪಾಲಿನ ನೀಲಿ ಎಲ್ಲದರ ಮೇಲೂ ಇಳಿದಿತ್ತು. ಬಾಳೆಗೊನೆಯೂ ನೀಲಿ, ಮುಖವೂ ನೀಲಿ. ಟಾರ್ಪಾಲು ಹರಿದ ಕಡೆ ಮಾತ್ರ ಬಿಸಿಲಿನ ಒಂದು ಕೋಲು ನೆಲಕ್ಕೆ ಇಳಿಯುತ್ತಿತ್ತು. ನಾನು ಕ್ಯಾಮೆರಾದ ಬೆಳಕಿನ ಅಳತೆಯನ್ನು ಆ ಬಿಸಿಲಿಗೆ ಹೊಂದಿಸಿಟ್ಟುಕೊಂಡು ಕಾದೆ. ಸುತ್ತಲಿನದು ಕತ್ತಲಾದರೆ ಆಗಲಿ ಅಂದುಕೊಂಡೆ. ತಲೆ ಮೇಲೆ ಮೂಟೆ ಹೊತ್ತವರು, ವೀಳ್ಯದೆಲೆ ಕಟ್ಟು ಹಿಡಿದವರು, ಕಾಫಿ ಲೋಟಗಳನ್ನು ಜೋಡಿಸಿಕೊಂಡ ಹುಡುಗ, ಒಬ್ಬೊಬ್ಬರಾಗಿ ಆ ಬಿಸಿಲಿನೊಳಗೆ ಬಂದು ಹೋದರು.

ಗೋಪುರದ ಹಾಗೆ ಒಟ್ಟಿದ ಬಣ್ಣಬಣ್ಣದ ಕುಂಕುಮದ ರಾಶಿ ಇದೆಯಲ್ಲ, ಅದನ್ನು ನಾನು ತೆಗೆಯಲಿಲ್ಲ. ಬಂದವರೆಲ್ಲ ತೆಗೆಯೋದು ಅದನ್ನೇ. ಚೆನ್ನಾಗಿದೆ, ನಿಜ. ಆದರೆ ಆ ರಾಶಿಯನ್ನು ದಿನಾ ಬೆಳಿಗ್ಗೆ ತಿದ್ದಿ ಚೂಪು ಮಾಡುವ ಕೈ ಚಿತ್ರದಲ್ಲಿ ಬರೋದೇ ಇಲ್ಲ. ಉಗುರಿನ ಸಂದಿಯಲ್ಲಿ ಕೆಂಪು ಕೂತ ಆ ಕೈ ನನಗೆ ಬೇಕಿತ್ತು. ಅಂಗಡಿಯವರು ನನ್ನ ಕ್ಯಾಮೆರಾ ನೋಡಿ ಹಿಂದಿಯಲ್ಲಿ ಕರೆದರು. “ಅಣ್ಣಾ, ನಾನೂ ಇಲ್ಲಿಯವಳೇ, ಶಿವರಾಂಪೇಟೆ” ಅಂದೆ. “ಹಂಗಾ? ಯಾವ ಬೀದಿ?” ಅಂತ ಕೇಳಿದರು. ಹೇಳಿದೆ. ಅದಾದ ಮೇಲೆ ಫೋಟೋ ಮರೆತೇಹೋಯಿತು. ಕಾಲು ಗಂಟೆ ನಮ್ಮ ಬೀದಿಯ ಹಿಟ್ಟಿನ ಗಿರಣಿ, ನಲ್ಲಿ ಮುಂದಿನ ಸಾಲು, ದಸರಾ ದಿನ ಮಹಡಿ ಮೇಲೆ ಜಾಗ ಹಿಡಿಯುತ್ತಿದ್ದದ್ದು, ಇದೇ ಮಾತು. ಕೊನೆಗೆ ಅವರೇ “ಕೈ ತಾನೇ, ತಕ್ಕೊಳಿ” ಅಂತ ಕೈ ಚಾಚಿದರು.

ಹೂವಿನ ಸಾಲಿನಲ್ಲಿ ಒಬ್ಬ ಅಜ್ಜಿ ಮಲ್ಲಿಗೆ ಕಟ್ಟುತ್ತಿದ್ದರು. ಕಣ್ಣು ಗಿರಾಕಿ ಮೇಲೆ, ಬೆರಳು ದಾರದ ಮೇಲೆ. “ಅಜ್ಜಿ, ಒಂದು ಫೋಟೋ ತೆಗೀಲಾ?” ಅಂದೆ. “ತೆಗಿ ಮಗಾ. ನನ್ ಮುಖದಲ್ಲೇನೈತೆ?” ಅಂದರು. ಕೇಳದೆ ತೆಗೆದರೆ ಸಹಜವಾಗಿ ಬರುತ್ತದೆ ಅಂತ ಹೇಳುವವರು ಜಾಸ್ತಿ. ನನಗೆ ಅದು ಒಪ್ಪಿಗೆಯಿಲ್ಲ. ಕೇಳಿದ ಮೇಲೆ ಒಂದೆರಡು ನಿಮಿಷ ಅವರು ಬಿಗಿಯಾಗಿರುತ್ತಾರೆ. ಆಮೇಲೆ ಗಿರಾಕಿ ಬರುತ್ತಾರೆ, ಚಿಲ್ಲರೆ ಹುಡುಕಬೇಕಾಗುತ್ತದೆ, ನಮ್ಮನ್ನು ಮರೆಯುತ್ತಾರೆ. ಅಲ್ಲೀವರೆಗೆ ಕಾಯಬೇಕು ಅಷ್ಟೇ. ಮಲಗಿರುವವರನ್ನು, ಒಂಟಿ ಮಕ್ಕಳನ್ನು ಮಾತ್ರ ತೆಗೆಯೋದಿಲ್ಲ. ಅವರು ಬೇಡ ಅನ್ನಲಾರರು.

ದಕ್ಷಿಣದ ಬಾಗಿಲಿನಿಂದ ಹೊರಬಿದ್ದರೆ ಚಿಕ್ಕ ಗಡಿಯಾರ. 1886ರಲ್ಲಿ ವೈಸರಾಯ್ ಡಫರಿನ್ ಬಂದ ನೆನಪಿಗೆ ಕಟ್ಟಿದ್ದು. ಅದರಾಚೆ ಲ್ಯಾನ್ಸ್‌ಡೌನ್ ಕಟ್ಟಡ. ಕಾಲೇಜಿನಲ್ಲಿದ್ದಾಗ ಹಳೇ ಪುಸ್ತಕಕ್ಕೆ ನಾವು ಬರುತ್ತಿದ್ದದ್ದು ಇಲ್ಲಿಗೇ. 2012ರಲ್ಲಿ ಅದರ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. 2016ರಲ್ಲಿ ಮಾರುಕಟ್ಟೆಯ ಉತ್ತರದ ಬಾಗಿಲೂ ಬಿತ್ತು. ಇವನ್ನು ಕೆಡವಬೇಕಾ, ಉಳಿಸಬೇಕಾ ಅನ್ನೋ ವಾದ ವರ್ಷಗಟ್ಟಲೆ ನಡೆದಿದೆ. ಗೋಡೆ ಬಿದ್ದು ಯಾರೂ ಸಾಯಬಾರದು, ಅದು ಮೊದಲ ಮಾತು. ಆದರೆ ಈ ಓಣಿಯ ಬೆಳಕು ಹೊಸ ಕಟ್ಟಡದಲ್ಲಿ ಸಿಗೋದಿಲ್ಲ ಅನ್ನೋದೂ ನನಗೆ ಅಷ್ಟೇ ಖಾತ್ರಿ. ಅವತ್ತು ಕಂಬ, ಕಮಾನು, ಗಿಲಾವು ಉದುರಿದ ಇಟ್ಟಿಗೆ ಎಲ್ಲವನ್ನೂ ತೆಗೆದೆ. ಚಿತ್ರಗಳಾಗಿ ಅವು ಸಾಧಾರಣ. ಆದರೂ ಒಂದನ್ನೂ ಅಳಿಸಿಲ್ಲ.

ನಮ್ಮ ಮನೆ ಬೀದಿಗೆ ಹೋದದ್ದು ಮಧ್ಯಾಹ್ನ. ಜಗಲಿ ಇದ್ದ ಜಾಗದಲ್ಲಿ ಗಾಜಿನ ಬಾಗಿಲು, ಒಳಗೆ ಸಿದ್ಧ ಉಡುಪಿನ ಅಂಗಡಿ. ಹೆಂಚಿನ ಮಾಡು ಇಲ್ಲ. ಗಾಜಿನಲ್ಲಿ ಎದುರು ಮನೆಯ ಹಳೇ ಕಿಟಕಿ ಕಾಣುತ್ತಿತ್ತು, ಅದರ ಪಕ್ಕ ನಾನು. ಕ್ಯಾಮೆರಾ ಎತ್ತಿದೆ, ಇಳಿಸಿದೆ. ಆಗಲಿಲ್ಲ.

ಭಾನುವಾರ ಬೆಳಿಗ್ಗೆ ಪುರಭವನದ ಮುಂದಿನ ದೊಡ್ಡ ಗಡಿಯಾರದ ಕೆಳಗಿದ್ದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿ ಹಬ್ಬಕ್ಕೆ 1927ರಲ್ಲಿ ಎದ್ದ 75 ಅಡಿಯ ಗೋಪುರ. ಅದರ ಮೇಲಿನ ಅಂಕಿಗಳು ಕನ್ನಡದವು. ನಾನು ಗಂಟೆ ನೋಡೋದು ಕಲಿತದ್ದೇ ಅದರಲ್ಲಿ, ಅಪ್ಪನ ಸೈಕಲ್ಲಿನ ಮುಂದಿನ ಕಂಬಿ ಮೇಲೆ ಕೂತು. ಬೇರೆ ಊರಿನ ಹೆಚ್ಚಿನ ಗಡಿಯಾರಗಳಲ್ಲಿ ಕನ್ನಡ ಅಂಕಿ ಇರೋದಿಲ್ಲ ಅಂತ ಗೊತ್ತಾದದ್ದು ಎಷ್ಟೋ ವರ್ಷದ ನಂತರ. ಅಲ್ಲೇ ಪಕ್ಕದಲ್ಲಿ ಒಂದು ಟಾಂಗಾ ನಿಂತಿತ್ತು. ಕುದುರೆಯ ಉದ್ದ ನೆರಳು ರಸ್ತೆ ಮೇಲೆ, ಲಾಳದ ಹತ್ತಿರ ಚೆಲ್ಲಿದ ಹುರುಳಿ, ಅದಕ್ಕೆ ಬಂದ ಪಾರಿವಾಳಗಳು.

ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಈ ಊರಿನವರು. 1923ರಲ್ಲಿ ಹುಟ್ಟಿ, ದೇಶವೆಲ್ಲ ಸುತ್ತಿ, 2009ರಲ್ಲಿ ಇಲ್ಲೇ ತೀರಿಕೊಂಡರು. ಪತ್ರಿಕೆಗಳಿಗಾಗಿ ದೊಡ್ಡದೊಡ್ಡವರನ್ನು ತೆಗೆದರು. ಆದರೆ ನನಗೆ ಅವರೆಂದರೆ ನೆನಪಾಗೋದು ಮಕ್ಕಳು, ಕೂಲಿಯವರು, ಬೀದಿಯ ಜನ. ಆ ಜನರನ್ನು ಸತ್ಯನ್ ಒಮ್ಮೆಯೂ ಕೀಳಾಗಿ ಕಂಡಿಲ್ಲ. ಕ್ಯಾಮೆರಾ ಎತ್ತುವ ಮೊದಲು ನನಗೆ ಆ ಚಿತ್ರಗಳು ನೆನಪಿಗೆ ಬರುತ್ತವೆ.

ಸಂಜೆ ಅರಮನೆ ಅಂಗಳದಲ್ಲಿ ಜನವೋ ಜನ. ಏಳಕ್ಕೆ ಸುಮಾರು ಒಂದು ಲಕ್ಷ ಬಲ್ಬುಗಳು ಒಟ್ಟಿಗೆ ಹತ್ತಿಕೊಂಡವು. ನಾನು ಅರಮನೆಗೆ ಬೆನ್ನು ಹಾಕಿ ನಿಂತಿದ್ದೆ. ಕತ್ತಲಲ್ಲಿದ್ದ ಮುಖಗಳೆಲ್ಲ ಒಂದೇ ಕ್ಷಣಕ್ಕೆ ಹೊನ್ನಿನ ಬಣ್ಣವಾದವು. ಬಾಯಿ ತೆರೆದ ಮಗು, ಹೆಗಲ ಮೇಲೆ ಮಗಳನ್ನು ಕೂರಿಸಿಕೊಂಡ ಅಪ್ಪ, ಕೈ ಮುಗಿದ ಒಬ್ಬ ಮುದುಕಿ. ಮೂರು ದಿನದಲ್ಲಿ ನಾನು ತೆಗೆದದ್ದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಆ ನಾಲ್ಕೈದು ಚಿತ್ರಗಳು.

ಸೋಮವಾರ ಸ್ಟುಡಿಯೋ ಒಂದರಲ್ಲಿ ಅಜ್ಜಿಯ ಚಿತ್ರ ಪ್ರಿಂಟ್ ಹಾಕಿಸಿ ಮತ್ತೆ ಹೂವಿನ ಸಾಲಿಗೆ ಹೋದೆ. ಅಜ್ಜಿ ಅದನ್ನು ದೂರ ಹಿಡಿದರು, ಹತ್ತಿರ ಹಿಡಿದರು. ತಮ್ಮ ಮುಖ ನೋಡಲೇ ಇಲ್ಲ. ಹಿಂದೆ ಬುಟ್ಟಿ ಎತ್ತುತ್ತಿದ್ದ ಒಬ್ಬರ ಮೇಲೆ ಬೆರಳಿಟ್ಟರು. ಅವರು ಚಿತ್ರದಲ್ಲಿರುವುದು ನನಗೆ ಗೊತ್ತೇ ಇರಲಿಲ್ಲ.

“ಇವ್ನು ನನ್ ತಮ್ಮ. ನಲವತ್ತು ವರ್ಷದಿಂದ ಇಬ್ರೂ ಇಲ್ಲೇ ಕುಂತೀವಿ. ಒಟ್ಟಿಗೆ ಒಂದು ಫೋಟೋ ಇರ್ಲಿಲ್ಲ ಕಣವ್ವಾ.”

ಪಕ್ಕದ ಅಂಗಡಿಯವರನ್ನೆಲ್ಲ ಕರೆದು ತೋರಿಸಿದರು. ಆಮೇಲೆ ಒಂದು ಮಾರು ಮಲ್ಲಿಗೆ ಅಳೆದು ಎಲೆಯಲ್ಲಿ ಸುತ್ತಿದರು. ದುಡ್ಡು ಕೊಡಲು ಹೋದರೆ ಕೈ ತಳ್ಳಿದರು. ತಮ್ಮ ಅಷ್ಟು ಹೊತ್ತಿಗೆ ಬಂದಿದ್ದರು, ಬುಟ್ಟಿ ಇಳಿಸದೇ ಚಿತ್ರ ನೋಡುತ್ತಾ ನಿಂತಿದ್ದರು. ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ಇಬ್ಬರನ್ನೂ ಆ ಬಿಸಿಲಿನ ಕೋಲಿನ ಹತ್ತಿರ ಕೂರಿಸಿದೆ.